ಅಳಿಸಿಹೋದ ಹನ್ನೆರಡು ಗೆಲುವುಗಳು

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಈ ವೇದಿಕೆಯ ಮೇಲೆ ವಚನಗಳ ಬಗ್ಗೆ, ಗಡಿ ವಿವಾದದ ಬಗ್ಗೆ, ಹೊರನಾಡ ಕನ್ನಡಿಗರ ಮಕ್ಕಳ ಭಾಷಾ ಸಮಸ್ಯೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಕಾರ್ಯದರ್ಶಿಗಳು ನನ್ನ ವಿಷಯವೇನೆಂದು ಕೇಳಿದಾಗ ನಾನು ‘ಅಮೆರಿಕದ ಕಾಲೇಜು ಫುಟ್‌ಬಾಲ್’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಕೊನೆಯಲ್ಲಿ ಪ್ರಶ್ನೋತ್ತರ ಇರುತ್ತದಲ್ಲ’ ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾನು ಮಾತನಾಡಬೇಕೆಂದಿರುವುದು ಆಟದ ಬಗ್ಗೆ ಮಾತ್ರವಲ್ಲ. ನಾವು ಪ್ರೀತಿಸುವ ಒಂದು ಸಂಸ್ಥೆಯ ಮೇಲೆ, ಅದರ ಹುಡುಗರ ಮೇಲೆ, ಆರೋಪ ಬಂದಾಗ ಆ ಸಂಸ್ಥೆ ಏನು ಮಾಡುತ್ತದೆ, ಅದರ ಅಭಿಮಾನಿಯಾದವನು ಏನನ್ನು ನೋಡುತ್ತಾನೆ, ಏನನ್ನು ನೋಡದೆ ಬಿಡುತ್ತಾನೆ ಎಂಬುದು ನನ್ನ ವಿಷಯ. ಸರ್ಕಾರಿ ನೌಕರಿಯಲ್ಲಿ ಕೆಲವು ವರ್ಷ ಇಲಾಖಾ ವಿಚಾರಣೆಗಳ ಕಡತಗಳನ್ನು ತಿರುವಿಹಾಕಿದವನಾದ್ದರಿಂದ ಈ ಆಟವನ್ನೂ ಸ್ವಲ್ಪ ಅದೇ ಕಣ್ಣಿನಿಂದ ನೋಡುವ ಅಭ್ಯಾಸ ನನಗಾಗಿದೆ.

ಮೊದಲು ಒಂದು ಸ್ಪಷ್ಟೀಕರಣ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ ತೊಟ್ಟ ಹನ್ನೊಂದು ಮಂದಿ, ಕೈಯಲ್ಲಿ ಹಿಡಿದು ಓಡುವ, ಎಸೆಯುವ ಮೊಟ್ಟೆಯಾಕಾರದ ಚೆಂಡು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಇಂದಿನ ಮಟ್ಟಿಗೆ ಸಾಕು. ತಿಳಿಯಬೇಕಾದ ಮುಖ್ಯ ಸಂಗತಿ ಬೇರೆ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯವೆಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಆಟಗಾರರು, ಬೇಲಿಯಾಚೆ ಮೇಯುವ ಎರಡು ಹಸು. ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕುದುರೆ ಲಾಳದ ಆಕಾರದ ಕ್ರೀಡಾಂಗಣ 1922ರಲ್ಲಿ ಕಟ್ಟಿದ್ದು. ಇಂದು ಅಲ್ಲಿ ಒಂದು ಲಕ್ಷಕ್ಕೂ ಮೀರಿದ ಜನ ಕೂರುತ್ತಾರೆ. ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸಿನ ಹುಡುಗರು ಆಡುವುದನ್ನು ನೋಡಲು! ಅವರ ತರಬೇತುದಾರನ ಸಂಬಳ ಆ ರಾಜ್ಯದ ಗವರ್ನರನ ಸಂಬಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

2010ರ ಆಗಸ್ಟ್‌ನಿಂದ ಒಂದು ವರ್ಷ ಸರ್ಕಾರದ ವತಿಯಿಂದ ವ್ಯಾಸಂಗಕ್ಕೆಂದು ನಾನು ಕೊಲಂಬಸ್ಸಿನಲ್ಲಿದ್ದೆ. ಆ ಊರಿನಲ್ಲಿ ಶರತ್ಕಾಲದ ಶನಿವಾರ ಮಾಡುವುದಕ್ಕೆ ಬೇರೇನೂ ಇರುವುದಿಲ್ಲ. ಊರಿಗೆ ಊರೇ ಕೆಂಪು ಮತ್ತು ಬೂದುಬಣ್ಣದ ಬಟ್ಟೆ ತೊಟ್ಟು ಒಂದೇ ದಿಕ್ಕಿಗೆ ನಡೆಯುತ್ತದೆ. ವಾದ್ಯಮೇಳದವರು ಮೈದಾನದ ಮೇಲೆ ಸಾಲಾಗಿ ಸುತ್ತುತ್ತ ‘ಓಹಾಯೋ’ ಎಂಬ ಹೆಸರನ್ನು ಕೂಡುಬರಹದಲ್ಲಿ ಬರೆಯುತ್ತಾರೆ. ಕೊನೆಯಲ್ಲಿ ದೊಡ್ಡ ಕಹಳೆ ಹೊತ್ತ ಒಬ್ಬ ವಾದ್ಯಗಾರ ಕುಣಿಯುತ್ತ ಬಂದು ‘ಐ’ ಅಕ್ಷರದ ಮೇಲಿನ ಚುಕ್ಕೆಯಾಗಿ ನಿಲ್ಲುತ್ತಾನೆ. ಆಗ ಒಂದು ಲಕ್ಷ ಜನ ಎದ್ದು ಕೂಗುತ್ತಾರೆ. ಮೈಸೂರಿನ ಜಂಬೂಸವಾರಿ ನೋಡಿ ಬೆಳೆದವನಿಗೆ ಈ ಸಂಭ್ರಮ ಅಪರಿಚಿತವೇನೂ ಅಲ್ಲ. ಆ ನವೆಂಬರ್ 27ರಂದು ನೂರು ವರ್ಷಗಳ ವೈರಿಯಾದ ಮಿಷಿಗನ್ ತಂಡವನ್ನು ನಮ್ಮವರು 37–7ರಿಂದ ಸೋಲಿಸಿದರು. ‘ನಮ್ಮವರು’ ಎಂಬ ಮಾತು ಅಷ್ಟರಲ್ಲಿ ಬಾಯಿಗೆ ಬಂದುಬಿಟ್ಟಿತ್ತು. ಅಂದಿನಿಂದ ಇಂದಿನವರೆಗೆ ಅದು ಹೋಗಿಲ್ಲ.

ಆ ಹಂಗಾಮಿನಲ್ಲಿ ತಂಡ ಆಡಿದ್ದು ಹದಿಮೂರು ಪಂದ್ಯ, ಗೆದ್ದದ್ದು ಹನ್ನೆರಡು, ಸೋತದ್ದು ಒಂದು, ವಿಸ್ಕಾನ್ಸಿನ್ ವಿರುದ್ಧ. ಇದು ನಾವು ಕಂಡದ್ದು. ಇಂದು ವಿಶ್ವವಿದ್ಯಾಲಯದ ದಾಖಲೆ ಪುಸ್ತಕ ತೆರೆದು ನೋಡಿ. 2010ರಲ್ಲಿ ಗೆಲುವು ಸೊನ್ನೆ, ಸೋಲು ಒಂದು. ಹನ್ನೆರಡು ಗೆಲುವುಗಳನ್ನು ರದ್ದು ಮಾಡಲಾಗಿದೆ. ಸೋಲನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ, ಅದು ಭದ್ರವಾಗಿದೆ. ಸರ್ಕಾರಿ ಕಡತದಲ್ಲಿ ಏನಿದೆಯೋ ಅದೇ ಸತ್ಯವೆಂದು ನಂಬಿ ಮೂರು ದಶಕ ದುಡಿದವನಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ.

ಆದದ್ದೇನು? 2010ರ ಡಿಸೆಂಬರ್ 23ರಂದು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ನಮ್ಮ ತಂಡದ ಐವರು ಆಟಗಾರರನ್ನು ಮುಂದಿನ ಹಂಗಾಮಿನ ಮೊದಲ ಐದು ಪಂದ್ಯಗಳಿಂದ ಅಮಾನತುಗೊಳಿಸಿತು. ಅವರಲ್ಲಿ ತಂಡದ ಮುಖ್ಯ ಆಟಗಾರ ಟೆರೆಲ್ ಪ್ರಯರ್ ಸಹ ಇದ್ದ. ಅವರ ಮೇಲಿನ ಆರೋಪ, ತಮಗೆ ಬಂದ ಚಾಂಪಿಯನ್‌ಷಿಪ್ ಉಂಗುರ, ಅಂಗಿ, ಪದಕಗಳನ್ನು ಊರಿನ ಹಚ್ಚೆ ಅಂಗಡಿಯವನಿಗೆ ಮಾರಿ ಹಣ ಪಡೆದರು, ಇಲ್ಲವೇ ಅಗ್ಗದ ದರದಲ್ಲಿ ಮೈಮೇಲೆ ಹಚ್ಚೆ ಹಾಕಿಸಿಕೊಂಡರು ಎಂಬುದು. ಮಾರಿದ ವಸ್ತುಗಳಲ್ಲಿ ‘ಚಿನ್ನದ ಷರಾಯಿ’ಗಳೂ ಇದ್ದವು. ನಗಬೇಡಿ, ಮಿಷಿಗನ್ನರನ್ನು ಸೋಲಿಸಿದ ಪ್ರತಿ ವರ್ಷ ತಂಡದವರಿಗೆ ಷರಾಯಿಯ ಆಕಾರದ ಪುಟ್ಟ ಚಿನ್ನದ ಪದಕ ಕೊಡುವ ಸಂಪ್ರದಾಯ 1930ರ ದಶಕದಿಂದ ನಡೆದುಬಂದಿದೆ. ಪ್ರಯರ್ ಹಿಂದಿರುಗಿಸಬೇಕೆಂದು ವಿಧಿಸಿದ ಮೊತ್ತ 2,500 ಡಾಲರ್.

ತಮ್ಮ ಉಂಗುರವನ್ನು ತಾವು ಮಾರಿದರೆ ಅಪರಾಧ ಹೇಗಾಗುತ್ತದೆ ಎಂದು ನೀವು ಕೇಳಬಹುದು. ನಮ್ಮ ನಡತೆ ನಿಯಮಗಳು ಉಡುಗೊರೆಯ ವಿಷಯದಲ್ಲಿ ಕಟ್ಟುನಿಟ್ಟಾಗಿಯೇ ಇವೆ. ಪರದೇಶದ ಗಣ್ಯರು ಕೊಟ್ಟ ಬೆಲೆಬಾಳುವ ಉಡುಗೊರೆ ತೋಷಾಖಾನೆಗೆ ಹೋಗುತ್ತದೆ. ಆದರೆ ನನ್ನ ಕೆಲಸಕ್ಕಾಗಿ ನನಗೇ ಕೊಟ್ಟ ಪದಕವನ್ನು ಮನೆಯ ಕಷ್ಟಕ್ಕೆ ಅಕ್ಕಸಾಲಿಗನಿಗೆ ಮಾರಿದರೆ ಸರ್ಕಾರ ನನ್ನನ್ನು ಅಮಾನತು ಮಾಡುವುದಿಲ್ಲ, ಹೆಚ್ಚೆಂದರೆ ಮರುಕಪಡುತ್ತದೆ. ಅಲ್ಲಿನ ನಿಯಮ ಬೇರೆ ತತ್ವದ ಮೇಲೆ ನಿಂತಿತ್ತು. ಆಟಗಾರ ಮೊದಲು ವಿದ್ಯಾರ್ಥಿ. ಆದ್ದರಿಂದ ಕ್ರೀಡಾಪಟು ಎಂಬ ತನ್ನ ಹೆಸರಿನಿಂದ ಅವನು ಒಂದು ಡಾಲರನ್ನೂ ಗಳಿಸಕೂಡದು. ವಿದ್ಯಾರ್ಥಿವೇತನ, ವಸತಿ, ಊಟ, ಪಾಠ, ಇಷ್ಟೇ ಅವನ ಪಾಲು.

ಈ ತತ್ವದ ಹುಟ್ಟು ಸ್ವಾರಸ್ಯಕರವಾದದ್ದು. 1905ರಲ್ಲಿ ಈ ಆಟದಲ್ಲಿ ಹಲವು ಹುಡುಗರು ಪ್ರಾಣ ಕಳೆದುಕೊಂಡಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಕರೆಸಿ ಬುದ್ಧಿ ಹೇಳಿದರು. ಅದರ ಬೆನ್ನಿಗೆ 1906ರಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಎನ್‌ಸಿಎಎ ಆಯಿತು. ಆಟಗಾರರ ಜೀವ ಕಾಯಲು ಹುಟ್ಟಿದ ಸಂಸ್ಥೆ. 1950ರ ದಶಕದಲ್ಲಿ, ಆಡುವಾಗ ಗಾಯಗೊಂಡವರು, ಸತ್ತವರ ಕುಟುಂಬದವರು, ಕಾರ್ಮಿಕರಿಗೆ ಸಲ್ಲುವ ಪರಿಹಾರ ನಮಗೂ ಕೊಡಿ ಎಂದು ನ್ಯಾಯಾಲಯಕ್ಕೆ ಹೋಗತೊಡಗಿದರು. ಆಗ ಈ ಸಂಸ್ಥೆ ‘ವಿದ್ಯಾರ್ಥಿ–ಕ್ರೀಡಾಪಟು’ ಎಂಬ ಪದವನ್ನು ಟಂಕಿಸಿ ಎಲ್ಲ ಕಾಗದಪತ್ರಗಳಲ್ಲೂ ಕಡ್ಡಾಯ ಮಾಡಿತು. ಅವರು ನೌಕರರಲ್ಲ ಎಂದು ಸಾಧಿಸಲು ಬೇಕಾಗಿದ್ದ ಪದ ಅದು. ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬಯರ್ಸ್ ನಿವೃತ್ತರಾದ ಮೇಲೆ 1995ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ನಿವೃತ್ತಿಯ ನಂತರ ನಿಜ ಹೇಳುವ ಅಧಿಕಾರಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ.

ಇರಲಿ, ನಿಯಮ ನಿಯಮವೇ. ಅದು ಅನ್ಯಾಯದ್ದೆನ್ನಿಸಿದರೂ ಇರುವವರೆಗೆ ಪಾಲಿಸಬೇಕೆಂದು ಹೇಳುವವರ ಪಕ್ಷದಲ್ಲೇ ನಾನಿದ್ದೇನೆ. ಆದರೆ ನಿಯಮ ಮಾಡಿದವರು ಅದನ್ನು ಹೇಗೆ ಅನ್ವಯಿಸಿದರು ನೋಡಿ. ಅಮಾನತಿನ ಆದೇಶ ಹೊರಬಿದ್ದ ಹನ್ನೆರಡು ದಿನಕ್ಕೆ, 2011ರ ಜನವರಿ 4ರಂದು, ನ್ಯೂ ಆರ್ಲಿಯನ್ಸಿನಲ್ಲಿ ಆರ್ಕನ್ಸಾ ವಿರುದ್ಧ ‘ಷುಗರ್ ಬೌಲ್’ ಎಂಬ ದೊಡ್ಡ ಪಂದ್ಯವಿತ್ತು. ಲಕ್ಷಾಂತರ ಜನ ಟೆಲಿವಿಷನ್ನಿನಲ್ಲಿ ನೋಡುವ, ಕೋಟ್ಯಂತರ ಡಾಲರ್ ಓಡಾಡುವ ಪಂದ್ಯ. ಆ ಪಂದ್ಯದಲ್ಲಿ ಐವರೂ ಆಡಬಹುದು. ಅಮಾನತು ಮುಂದಿನ ಸೆಪ್ಟೆಂಬರಿನಿಂದ ಜಾರಿ! ನಿಯಮಗಳ ಬಗ್ಗೆ ಅವರಿಗೆ ಸರಿಯಾದ ತಿಳುವಳಿಕೆ ಕೊಟ್ಟಿರಲಿಲ್ಲ ಎಂಬುದು ಕೊಟ್ಟ ಕಾರಣ. ಹಾಗಿದ್ದರೆ ಸೆಪ್ಟೆಂಬರಿನ ಶಿಕ್ಷೆ ಏಕೆ ಎಂದು ಯಾರೂ ಕೇಳಲಿಲ್ಲ. ಐವರೂ ಆಡಿದರು. ತಂಡ 31–26ರಿಂದ ಗೆದ್ದಿತು. ಕೊನೆಯ ನಿಮಿಷದಲ್ಲಿ ಎದುರಾಳಿಯ ಎಸೆತವನ್ನು ಹಿಡಿದು ಗೆಲುವನ್ನು ಖಚಿತಪಡಿಸಿದವನು ಆ ಐವರಲ್ಲಿ ಒಬ್ಬ. ಆ ರಾತ್ರಿ ಕೊಲಂಬಸ್ಸಿನ ಬೀದಿಗಳಲ್ಲಿ ಹಚ್ಚೆಯ ಮಾತೆತ್ತಿದವರನ್ನು ನಾನು ಕಾಣಲಿಲ್ಲ.

ನಿಜವಾದ ವಿಷಯ ಬಯಲಾದದ್ದು ಎರಡು ತಿಂಗಳ ನಂತರ. ತರಬೇತುದಾರ ಜಿಮ್ ಟ್ರೆಸಲ್ ಆ ಊರಿನಲ್ಲಿ ಸಂತನಂತೆ ಪೂಜಿತರಾಗಿದ್ದರು. ತೋಳಿಲ್ಲದ ಸ್ವೆಟರು, ಟೈ, ಮೆತ್ತನೆಯ ಮಾತು, ಪ್ರಾರ್ಥನೆ. 2002ರಲ್ಲಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಅವರಿಗೆ 2010ರ ಏಪ್ರಿಲ್‌ನಲ್ಲೇ ಒಬ್ಬ ವಕೀಲರಿಂದ ಇ–ಮೇಲ್ ಬಂದಿತ್ತು: ಮಾದಕವಸ್ತು ತನಿಖೆಯಲ್ಲಿ ಹಚ್ಚೆ ಅಂಗಡಿಯವನ ಮನೆ ಶೋಧಿಸಿದಾಗ ನಿಮ್ಮ ಹುಡುಗರ ವಸ್ತುಗಳು ಸಿಕ್ಕಿವೆ ಎಂದು. ಟ್ರೆಸಲ್ ಅದನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಲಿಲ್ಲ, ಎನ್‌ಸಿಎಎಗೂ ತಿಳಿಸಲಿಲ್ಲ. ಸೆಪ್ಟೆಂಬರಿನಲ್ಲಿ, ನಿಯಮೋಲ್ಲಂಘನೆ ಯಾವುದೂ ನನ್ನ ಗಮನಕ್ಕೆ ಬಂದಿಲ್ಲ ಎಂಬ ವಾರ್ಷಿಕ ಘೋಷಣೆಗೆ ಸಹಿ ಹಾಕಿದರು. ಡಿಸೆಂಬರಿನಲ್ಲಿ ಐವರ ಮೇಲೆ ಆದೇಶ ಬಂದಾಗಲೂ ಸುಮ್ಮನಿದ್ದರು. ಗೋಪ್ಯತೆ ಕಾಪಾಡಬೇಕಾಗಿತ್ತು ಎಂಬುದು ಅವರ ಸಮಜಾಯಿಷಿ. ಆದರೆ ಅದೇ ಪತ್ರವನ್ನು ಅವರು ಪ್ರಯರನ ಊರಿನ ಹಿತೈಷಿಯೊಬ್ಬರಿಗೆ ಕಳಿಸಿದ್ದರೆಂಬುದು ಆಮೇಲೆ ತಿಳಿಯಿತು.

2011ರ ಮಾರ್ಚ್ 8ರಂದು ಪತ್ರಿಕಾಗೋಷ್ಠಿ. ಎರಡು ಪಂದ್ಯಗಳ ಅಮಾನತು, ಎರಡೂವರೆ ಲಕ್ಷ ಡಾಲರ್ ದಂಡ. ಟ್ರೆಸಲ್ಲರನ್ನು ವಜಾ ಮಾಡುವ ಯೋಚನೆ ಇತ್ತೆ ಎಂದು ಪತ್ರಕರ್ತರು ಕೇಳಿದಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಗಾರ್ಡನ್ ಗೀ, ಅವರು ನನ್ನನ್ನು ವಜಾ ಮಾಡದಿದ್ದರೆ ಸಾಕು ಎಂಬರ್ಥದಲ್ಲಿ ತಮಾಷೆ ಮಾಡಿದರು. ನಾನು ಅದನ್ನು ಟೆಲಿವಿಷನ್ನಿನಲ್ಲಿ ನೋಡಿದೆ. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ಸಂಸ್ಥೆಯ ಮುಖ್ಯಸ್ಥ ತನ್ನ ಅಧೀನ ನೌಕರನ ಬಗ್ಗೆ ಹೀಗೆ ಹೇಳಬೇಕಾದರೆ ಅಲ್ಲಿ ಶಿಸ್ತು ಪ್ರಾಧಿಕಾರ ಯಾರು, ಆರೋಪಿತ ನೌಕರ ಯಾರು? ನಮ್ಮ 1965ರ ಸಿಸಿಎಸ್ ನಿಯಮಗಳನ್ನು ಬರೆದವರು ಅನೇಕ ಅನಿಷ್ಟಗಳನ್ನು ಊಹಿಸಿದ್ದರು. ಇದನ್ನು ಊಹಿಸಿದಂತೆ ಕಾಣುವುದಿಲ್ಲ. ಮೇ 30ರಂದು ಟ್ರೆಸಲ್ ರಾಜೀನಾಮೆ ಕೊಟ್ಟರು. ಜೂನಿನಲ್ಲಿ ಪ್ರಯರ್ ವಿಶ್ವವಿದ್ಯಾಲಯ ಬಿಟ್ಟ.

ಆ ತಿಂಗಳುಗಳಲ್ಲಿ ಊರಿನವರ ಮಾತುಗಳನ್ನು ನಾನು ಗಮನವಿಟ್ಟು ಕೇಳುತ್ತಿದ್ದೆ. ಎಲ್ಲರೂ ಮಾಡುತ್ತಾರೆ, ನಾವು ಸಿಕ್ಕಿಬಿದ್ದೆವು ಎಂದರು ಕೆಲವರು. ಮಿಷಿಗನ್ನಿನವರ ಪಿತೂರಿ ಎಂದರು ಇನ್ನು ಕೆಲವರು. ಅತಿ ಹೆಚ್ಚು ಕೇಳಿಬಂದ ಮಾತು: ಆ ಹುಡುಗ ನಮ್ಮ ಕೋಚ್‌ನನ್ನು ಹಾಳುಮಾಡಿದ. ಇಪ್ಪತ್ತೊಂದು ವರ್ಷದ ಕಪ್ಪು ಹುಡುಗ 2,500 ಡಾಲರಿಗಾಗಿ ಮಾಡಿದ್ದನ್ನು, ವರ್ಷಕ್ಕೆ ಮೂವತ್ತು ಲಕ್ಷ ಡಾಲರಿಗೂ ಮೀರಿ ಪಡೆಯುವ ಐವತ್ತೆಂಟು ವರ್ಷದ ಹಿರಿಯ ಸುಳ್ಳು ಘೋಷಣೆಗೆ ಹಾಕಿದ ಸಹಿಯೊಂದಿಗೆ ತೂಗಿ, ಹುಡುಗನ ತಪ್ಪೇ ದೊಡ್ಡದೆಂದು ಊರು ತೀರ್ಮಾನಿಸಿತು. 2012ರ ನವೆಂಬರಿನಲ್ಲಿ, ಮಿಷಿಗನ್ ಪಂದ್ಯದ ನಡುವೆ ಹತ್ತು ವರ್ಷ ಹಿಂದಿನ ಚಾಂಪಿಯನ್ನರನ್ನು ಸನ್ಮಾನಿಸಿದಾಗ, ಹಳೆಯ ಆಟಗಾರರು ಟ್ರೆಸಲ್ಲರನ್ನು ಹೆಗಲ ಮೇಲೆ ಹೊತ್ತರು. ಇಡೀ ಕ್ರೀಡಾಂಗಣ ಎದ್ದು ನಿಂತು ಜಯಘೋಷ ಮಾಡಿತು. ಪ್ರಯರನಿಗೆ ವಿಶ್ವವಿದ್ಯಾಲಯ ಐದು ವರ್ಷ ಬಹಿಷ್ಕಾರ ಹಾಕಿತ್ತು.

ತಂಡದ ಗತಿ? 2011ರಲ್ಲಿ ಆರು ಗೆಲುವು, ಏಳು ಸೋಲು. ಒಂದೇ ಹಂಗಾಮಿನಲ್ಲಿ ಏಳು ಸೋಲನ್ನು ತಂಡ 1897ರ ನಂತರ ಕಂಡಿರಲಿಲ್ಲ. ಮಿಷಿಗನ್ ಎದುರು ಎಂಟು ವರ್ಷಗಳಲ್ಲಿ ಮೊದಲ ಸೋಲು, 40–34. ಆ ಹೊತ್ತಿಗೆ ನಾನು ಭಾರತಕ್ಕೆ ಮರಳಿದ್ದೆ. ನಡುರಾತ್ರಿ ಕಂಪ್ಯೂಟರ್ ಮುಂದೆ ಕುಳಿತು ಅಂಕಿಗಳು ಬದಲಾಗುವುದನ್ನು ಮಾತ್ರ ನೋಡುತ್ತಿದ್ದೆ. ಆ ಡಿಸೆಂಬರಿನಲ್ಲಿ ಎನ್‌ಸಿಎಎ ಅಂತಿಮ ಆದೇಶ ಬಂತು: 2010ರ ಗೆಲುವುಗಳು ರದ್ದು, ಮೂರು ವರ್ಷಗಳಲ್ಲಿ ಒಂಬತ್ತು ವಿದ್ಯಾರ್ಥಿವೇತನ ಕಡಿತ, 2012ರ ಹಂಗಾಮಿನ ಕೊನೆಯ ದೊಡ್ಡ ಪಂದ್ಯಗಳಿಗೆ ನಿಷೇಧ. ಆ 2012ರಲ್ಲಿ ಹೊಸ ತರಬೇತುದಾರ ಅರ್ಬನ್ ಮೇಯರ್ ಅವರ ಕೈಕೆಳಗೆ ತಂಡ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತು. ಅಂಥ ತಂಡ ರಾಷ್ಟ್ರೀಯ ಪ್ರಶಸ್ತಿಗಾಗಿ ಆಡುವಂತಿಲ್ಲ! ಉಂಗುರ ಮಾರಿದವರು ಹೊರಟುಹೋಗಿದ್ದರು, ಪತ್ರ ಮುಚ್ಚಿಟ್ಟವರು ಹೊರಟುಹೋಗಿದ್ದರು. ಶಿಕ್ಷೆ ಅನುಭವಿಸಿದವರು ಆಮೇಲೆ ಬಂದ ಹುಡುಗರು. ವರ್ಗವಾಗಿ ಹೋದವನ ಮೇಲಿನ ಆರೋಪಕ್ಕೆ ಆ ಕುರ್ಚಿಗೆ ಬಂದವನ ಬಡ್ತಿಯನ್ನು ತಡೆಹಿಡಿದಂತೆ.

ಮುಂದಿನ ಕಥೆ ನಿಮಗೆ ನಂಬಲು ಕಷ್ಟವಾಗಬಹುದು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆಟಗಾರರಿಗೆ ಶಿಕ್ಷಣ ಸಂಬಂಧವಾಗಿ ಕೊಡುವ ಸೌಲಭ್ಯಗಳ ಮೇಲೆ ಎನ್‌ಸಿಎಎ ಹಾಕಿದ್ದ ಮಿತಿ ಕಾನೂನುಬಾಹಿರವೆಂದು ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ ತೀರ್ಪಿತ್ತಿತು. ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದು ಎನ್‌ಸಿಎಎ ತಾನೇ ಒಪ್ಪಿತು. ಮೋಟಾರು ಮಾರಾಟಗಾರರು, ತಿಂಡಿ ಕಂಪನಿಗಳು ಹದಿನೆಂಟರ ಹುಡುಗರ ಮನೆ ಬಾಗಿಲಿಗೆ ಬಂದವು. 2025ರ ಜೂನ್ 6ರಂದು ನ್ಯಾಯಾಲಯ ಅಂಗೀಕರಿಸಿದ ರಾಜಿ ಒಪ್ಪಂದದಂತೆ ಪ್ರತಿಯೊಂದು ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. 2021ರಲ್ಲೇ ಆ ಐವರು, ನಮ್ಮ ಹಂಗಾಮಿನ ದಾಖಲೆಗಳನ್ನು ಮರಳಿ ಕೊಡಿ ಎಂದು ಬಹಿರಂಗವಾಗಿ ಮನವಿ ಮಾಡಿದ್ದರು. ಟ್ರೆಸಲ್ಲರಿಗೆ ಈ ಮಧ್ಯೆ ಕೆಡುಕೇನೂ ಆಗಲಿಲ್ಲ. ಅವರು 2014ರಲ್ಲಿ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 2025ರ ಫೆಬ್ರುವರಿಯಲ್ಲಿ ಓಹಾಯೋ ರಾಜ್ಯದ ಉಪ ಗವರ್ನರರಾಗಿ ಪ್ರಮಾಣವಚನ ಸ್ವೀಕರಿಸಿದರು.

ಇಲ್ಲಿಗೆ ಮಾತು ನಿಲ್ಲಿಸಿದರೆ, ನೋಡಿ ಪಾಪ, ಹುಡುಗರಿಗೆ ಅನ್ಯಾಯವಾಯಿತು ಎಂದು ನೀವು ಮನೆಗೆ ಹೋಗಬಹುದು. ಆದರೆ ಹಚ್ಚೆಯ ಪ್ರಕರಣ ನನಗೆ ಅಳತೆಗೋಲು ಮಾತ್ರ. ಅದರ ಪಕ್ಕದಲ್ಲಿ ಬೇರೆ ಪ್ರಕರಣಗಳನ್ನಿಟ್ಟು ಅಳೆಯಬೇಕು.

2018ರ ಆಗಸ್ಟ್. ಅರ್ಬನ್ ಮೇಯರ್ ಅವರ ಸಹಾಯಕ ತರಬೇತುದಾರರೊಬ್ಬರ ಮೇಲೆ ಅವರ ಮಾಜಿ ಪತ್ನಿ ಗೃಹಹಿಂಸೆಯ ಆರೋಪ ಮಾಡಿದ್ದರು. 2015ರ ಆ ದೂರುಗಳ ಮೇಲೆ ಮೊಕದ್ದಮೆ ದಾಖಲಾಗಿರಲಿಲ್ಲ, ಅದನ್ನೂ ಹೇಳಬೇಕು. ಮೇಯರ್‌ಗೆ ಆಗಲೇ ಇದು ತಿಳಿದಿತ್ತೆ ಎಂಬುದು ಪ್ರಶ್ನೆ. ಪತ್ರಕರ್ತರ ಮುಂದೆ ತಿಳಿದಿರಲಿಲ್ಲವೆಂದರು, ಆಮೇಲೆ ತಿಳಿದಿತ್ತೆಂದರು. ವಿಶ್ವವಿದ್ಯಾಲಯ ಹೊರಗಿನವರಿಂದ ತನಿಖೆ ಮಾಡಿಸಿತು. ಸುದ್ದಿ ಹೊರಬಿದ್ದ ದಿನ, ಫೋನಿನಲ್ಲಿ ಒಂದು ವರ್ಷಕ್ಕಿಂತ ಹಳೆಯ ಸಂದೇಶಗಳು ಉಳಿಯದಂತೆ ಮಾಡುವುದು ಹೇಗೆಂದು ಮೇಯರ್ ತಮ್ಮ ಸಿಬ್ಬಂದಿಯೊಡನೆ ಚರ್ಚಿಸಿದ್ದು ಆ ವರದಿಯಲ್ಲಿದೆ. ಆಡಳಿತ ಮಂಡಳಿ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಕುಳಿತು ಚರ್ಚಿಸಿ ಮೂರು ಪಂದ್ಯಗಳ ಅಮಾನತು ವಿಧಿಸಿತು. ಮೂರು! ಉಂಗುರ ಮಾರಿದ ಹುಡುಗರಿಗೆ ಐದು. ತೀರ್ಪಿಗೆ ಮುನ್ನ ಕ್ರೀಡಾಂಗಣದ ಹೊರಗೆ ಅಭಿಮಾನಿಗಳು ಸಭೆ ಸೇರಿ ಮೇಯರ್ ಪರ ಘೋಷಣೆ ಕೂಗಿದರು. ಎಲ್ಲಿದ್ದಾರೆ ಇಂಥ ಜನ ಎಂದು ಕೇಳಬೇಕಾಗಿಲ್ಲ. ನಮ್ಮಲ್ಲೂ ಜೈಲಿನ ಬಾಗಿಲಲ್ಲಿ ಹಾರ ಹಿಡಿದು ನಿಂತವರನ್ನು ಕಂಡಿದ್ದೇವೆ.

ಟೆಕ್ಸಸ್ಸಿನ ಬೇಯ್ಲರ್ ವಿಶ್ವವಿದ್ಯಾಲಯದ್ದು ಇನ್ನೂ ಘೋರ. ಧಾರ್ಮಿಕ ಸಂಸ್ಥೆ, ಸೋಲಿಗೇ ಹೆಸರಾಗಿದ್ದ ತಂಡ ಆರ್ಟ್ ಬ್ರೈಲ್ಸ್ ಎಂಬ ತರಬೇತುದಾರನ ಕೈಯಲ್ಲಿ ಮೇಲೆ ಬಂದಿತ್ತು, ಹೊಸ ಕ್ರೀಡಾಂಗಣ ಎದ್ದಿತ್ತು. ಅದೇ ಅವಧಿಯಲ್ಲಿ ಆಟಗಾರರ ಮೇಲೆ ವಿದ್ಯಾರ್ಥಿನಿಯರ ಅತ್ಯಾಚಾರದ ದೂರುಗಳು ಬರುತ್ತಿದ್ದವು. ಒಬ್ಬನಿಗೆ 2014ರಲ್ಲಿ 20 ವರ್ಷ ಸೆರೆಯಾಯಿತು. ಕೊನೆಗೆ 2016ರ ಮೇ ತಿಂಗಳಲ್ಲಿ ಬ್ರೈಲ್ಸರನ್ನು ತೆಗೆದರು. ವಿಶ್ವವಿದ್ಯಾಲಯದ ಅಧ್ಯಕ್ಷರನ್ನೂ ಆ ಹುದ್ದೆಯಿಂದ ಇಳಿಸಿದರು. ಆ ಅಧ್ಯಕ್ಷರು ಯಾರು ಗೊತ್ತೆ? ಕೆನ್ ಸ್ಟಾರ್. ಬಿಲ್ ಕ್ಲಿಂಟನ್ನರ ಖಾಸಗಿ ಜೀವನದ ಬಗ್ಗೆ ನೂರಾರು ಪುಟಗಳ ವರದಿ ಬರೆದ ಅದೇ ವಿಶೇಷ ತನಿಖಾಧಿಕಾರಿ. ಇನ್ನೊಂದು ಸ್ವಾರಸ್ಯ: ಬೇಯ್ಲರ್ ಪರವಾಗಿ ತನಿಖೆ ನಡೆಸಿದ ವಕೀಲರು ತಮ್ಮ ವರದಿಯನ್ನು ಮಂಡಳಿಗೆ ಬಾಯಿಮಾತಿನಲ್ಲೇ ಒಪ್ಪಿಸಿದರು. ಹೊರಬಂದದ್ದು ಹದಿಮೂರು ಪುಟಗಳ ಸಾರಾಂಶ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ವಿಳಂಬವಾದ ವರದಿ ಕಂಡಿದ್ದೇನೆ, ಕಳೆದುಹೋದ ವರದಿ ಕಂಡಿದ್ದೇನೆ. ಬರೆಯದೆ ಉಳಿಸಿದ ವರದಿಯನ್ನು ಕಂಡಿರಲಿಲ್ಲ.

ಇನ್ನು ನಮ್ಮ ಓಹಾಯೋ ಸ್ಟೇಟಿಗೇ ಮರಳುತ್ತೇನೆ. 1978ರಿಂದ 1998ರವರೆಗೆ ಅಲ್ಲಿ ರಿಚರ್ಡ್ ಸ್ಟ್ರಾಸ್ ಎಂಬ ವೈದ್ಯನಿದ್ದ. ಪರೀಕ್ಷೆಯ ನೆಪದಲ್ಲಿ ಅವನು ಕನಿಷ್ಠ 177 ಮಂದಿ ವಿದ್ಯಾರ್ಥಿಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನೆಂದು 2019ರ ಮೇ ತಿಂಗಳಲ್ಲಿ ಪ್ರಕಟವಾದ ತನಿಖಾ ವರದಿ ಹೇಳಿತು. ಎಲ್ಲರೂ ಹುಡುಗರು, ಹೆಚ್ಚಿನವರು ಕುಸ್ತಿ ಮುಂತಾದ ತಂಡಗಳ ಕ್ರೀಡಾಪಟುಗಳು. 1979ರಷ್ಟು ಹಿಂದೆಯೇ ವಿಶ್ವವಿದ್ಯಾಲಯದ ಸಿಬ್ಬಂದಿಗೆ ದೂರು ತಲುಪಿತ್ತು ಎಂದೂ ಆ ವರದಿಯಲ್ಲಿದೆ. ಆ ವೈದ್ಯ 2005ರಲ್ಲೇ ಸತ್ತಿದ್ದ. ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಹುಡುಗರು ಅಂಗಿ ಮಾರಿದರೆ, ಅಭಿಮಾನಿಯೊಬ್ಬನ ಕೈಯಿಂದ ಊಟ ಕೊಡಿಸಿಕೊಂಡರೆ, ಅದನ್ನು ಪತ್ತೆಹಚ್ಚಲು ನಿಯಮಪಾಲನಾ ಕಚೇರಿಗಳಿದ್ದವು. ಆಟಗಾರ ಪಡೆದುಕೊಂಡದ್ದನ್ನು ಎಣಿಸುವುದಕ್ಕೆ ವ್ಯವಸ್ಥೆಯಿತ್ತು. ಆಟಗಾರನಿಗೆ ಆದದ್ದನ್ನು, ಆಟಗಾರನಿಂದ ಬೇರೆಯವರಿಗೆ ಆದದ್ದನ್ನು ಕೇಳಿಸಿಕೊಳ್ಳುವುದಕ್ಕೆ ಇರಲಿಲ್ಲ. ನನ್ನ ಇಡೀ ದೂರು ಇಷ್ಟೇ. ಸಂಸ್ಥೆಗೆ ಹಣದ ಅಥವಾ ಸ್ಪರ್ಧೆಯ ನಷ್ಟ ತರುವ ತಪ್ಪಿಗೆ ನಿಯಮಾವಳಿ ದಪ್ಪವಾಗಿರುತ್ತದೆ. ದುರ್ಬಲರಿಗೆ ಪೆಟ್ಟಾಗುವ ತಪ್ಪಿಗೆ ಒಂದು ಪುಟವೂ ಇರುವುದಿಲ್ಲ.

ಹಾಗಾದರೆ ಇನ್ನೂ ಏಕೆ ಈ ತಂಡವನ್ನು ಹಿಡಿದುಕೊಂಡಿದ್ದೀರಿ ಎಂದು ನನ್ನ ಮನೆಯಲ್ಲಿಯೇ ಕೇಳುತ್ತಾರೆ. ಉತ್ತರ ಸುಲಭವಲ್ಲ. 2024ರ ನವೆಂಬರ್ 30ರಂದು ನಮ್ಮ ತಂಡ ತನ್ನದೇ ಕ್ರೀಡಾಂಗಣದಲ್ಲಿ, ಆ ವರ್ಷ ದುರ್ಬಲವೆನಿಸಿದ್ದ ಮಿಷಿಗನ್ ಎದುರು 13–10ರಿಂದ ಸೋತಿತು. ಆ ವೈರಿಯ ಎದುರು ಸತತ ನಾಲ್ಕನೆಯ ಸೋಲು. ಗೆದ್ದವರು ಮೈದಾನದ ನಡುವೆ ತಮ್ಮ ಧ್ವಜ ನೆಡಲು ಬಂದರು, ಕೈಕೈ ಮಿಲಾಯಿಸಿದರು, ಪೊಲೀಸರು ಮೆಣಸಿನ ದ್ರವ ಸಿಂಪಡಿಸಬೇಕಾಯಿತು. ತರಬೇತುದಾರ ರಯಾನ್ ಡೇ ಅವರನ್ನು ಓಡಿಸಿ ಎಂದು ಊರು ಕೂಗಿತು. ಏಳು ವಾರಗಳ ನಂತರ ಅದೇ ತಂಡ, ಅದೇ ಡೇ, ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಮ್ಮಲ್ಲಿ ಆಗ ಜನವರಿ 21ರ ಬೆಳಗ್ಗೆ. ಆರು ಗಂಟೆಗೆ ಶುರುವಾದ ಪಂದ್ಯವನ್ನು ಪೂರ್ತಿ ನೋಡಿ ಕಚೇರಿಗೆ ತಡವಾಗಿ ಹೋದೆ. ಕೂಗಿಕೊಂಡೆ ಕೂಡ. ಪ್ರೀತಿಗೆ ನಿಯಮಾವಳಿ ಇಲ್ಲ. ಆದರೆ ಪ್ರೀತಿಸುವವನು ವಕೀಲನಾಗಬೇಕಾಗಿಲ್ಲ, ಅಷ್ಟೇ.

ಪ್ರತಿ ಸಲವೂ ಆಟಗಾರನೇ ತಪ್ಪಿತಸ್ಥ ಎನ್ನುವ ಜಾಡಿಗೂ ಬೀಳಬಾರದು ಎಂಬುದಕ್ಕೆ ಕೊನೆಯದಾಗಿ ಒಂದು ಪ್ರಕರಣ. 2020ರ ಫೆಬ್ರುವರಿಯಲ್ಲಿ ನಮ್ಮ ತಂಡದ ಇಬ್ಬರು ಆಟಗಾರರನ್ನು ಅತ್ಯಾಚಾರದ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಕೂಡಲೇ ತಂಡ ಅವರನ್ನು ವಜಾ ಮಾಡಿತು. ಅಮಾನತಲ್ಲ, ವಜಾ. ನಮ್ಮ ನಿಯಮಗಳಲ್ಲಿ ಅಮಾನತು ಶಿಕ್ಷೆಯಲ್ಲ. ವಿಚಾರಣೆ ಮುಗಿಯುವವರೆಗೆ ನೌಕರನನ್ನು ದೂರವಿಡುವ ಕ್ರಮ. ಅವನಿಗೆ ಜೀವನಾಧಾರ ಭತ್ಯೆ ಕೊಡಬೇಕು, ತೊಂಬತ್ತು ದಿನಗಳಲ್ಲಿ ಪುನರ್ವಿಮರ್ಶೆ ಮಾಡಬೇಕು, ಆರೋಪಪಟ್ಟಿ ಕೊಡಬೇಕು, ಅವನ ಮಾತು ಕೇಳಬೇಕು. ನಾವು ಇದನ್ನು ನಿಧಾನವೆಂದು ಬೈಯುತ್ತೇವೆ. ಅಜರುದ್ದೀನ್ ಪ್ರಕರಣವನ್ನು ನೆನೆಯಿರಿ: 2000ದಲ್ಲಿ ಆಜೀವ ನಿಷೇಧ, ಅದು ಕಾನೂನಿನ ಮುಂದೆ ನಿಲ್ಲದೆಂದು ಆಂಧ್ರ ಪ್ರದೇಶ ಹೈಕೋರ್ಟು ಹೇಳಿದ್ದು 2012ರಲ್ಲಿ. ಆಡುವ ವಯಸ್ಸು ನ್ಯಾಯಾಲಯಕ್ಕಾಗಿ ಕಾಯುವುದಿಲ್ಲ. ಕೊಲಂಬಸ್ಸಿನ ಆ ಇಬ್ಬರನ್ನು 2023ರ ಫೆಬ್ರುವರಿಯಲ್ಲಿ ಜ್ಯೂರಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮೂರು ವರ್ಷ ಕಳೆದಿತ್ತು. ಅವರು ಮತ್ತೆ ಆ ಕೆಂಪು ಅಂಗಿ ತೊಡಲಿಲ್ಲ.

ಸಂಸ್ಥೆ ಏನು ಮಾಡಬೇಕಾಗಿತ್ತು? ದೂರು ಕೊಟ್ಟ ಯುವತಿಯಿಂದ ಅವರನ್ನು ದೂರವಿಡಬೇಕಾಗಿತ್ತು, ತಂಡದಿಂದ ಹೊರಗಿಡಬೇಕಾಗಿತ್ತು. ಇದರಲ್ಲಿ ನನಗೆ ಸಂದೇಹವಿಲ್ಲ. ಇಲಾಖಾ ವಿಚಾರಣೆಗೆ ಸಂಭವನೀಯತೆಯ ತೂಕ ಸಾಕು, ಕ್ರಿಮಿನಲ್ ನ್ಯಾಯಾಲಯಕ್ಕೆ ಸಂಶಯಾತೀತ ಸಾಕ್ಷ್ಯ ಬೇಕು. ಒಂದರಲ್ಲಿ ಬಿಡುಗಡೆಯಾದವನು ಇನ್ನೊಂದರಲ್ಲಿ ತಾನಾಗಿಯೇ ಬಿಡುಗಡೆಯಾಗುವುದಿಲ್ಲ ಎಂಬುದೂ ನನಗೆ ಗೊತ್ತಿದೆ. ಆದರೆ ತಕ್ಷಣದ ವಜಾ ನ್ಯಾಯಕ್ಕಾಗಿ ಮಾಡಿದ್ದೆ, ಮರುದಿನದ ಪತ್ರಿಕೆಗಳಿಗಾಗಿ ಮಾಡಿದ್ದೆ? 2018ರಲ್ಲಿ ಕೋಟ್ಯಂತರ ಡಾಲರ್ ಬೆಲೆಯ ಹಿರಿಯನಿಗೆ ವಾರಗಳ ತನಿಖೆ, ಮೂರು ಪಂದ್ಯಗಳ ಅಮಾನತು; 2020ರಲ್ಲಿ ಇಪ್ಪತ್ತರ ಹರೆಯದ ಹುಡುಗರಿಗೆ ತನಿಖೆಯೇ ಇಲ್ಲದ ವಜಾ. ಈ ಎರಡೂ ಆದೇಶಗಳು ಒಂದೇ ವಿಶ್ವವಿದ್ಯಾಲಯದಿಂದ ಹೊರಟವು. ಬಿಡುಗಡೆಯ ಸುದ್ದಿ ಓದಿದ ದಿನ ನಾನು ಹಳೆಯ ಸಹಪಾಠಿಯೊಬ್ಬರಿಗೆ, ಕೊಲಂಬಸ್ಸಿನಲ್ಲೇ ನೆಲೆಸಿರುವವರಿಗೆ, ಫೋನು ಮಾಡಿ ಕೇಳಿದೆ. ಆ ಇಬ್ಬರ ಹೆಸರು ಅವರಿಗೆ ನೆನಪಿರಲಿಲ್ಲ. ಮುಂದಿನ ಹಂಗಾಮಿಗೆ ಯಾವ ಯಾವ ಹೊಸ ಹುಡುಗರು ಬರುತ್ತಿದ್ದಾರೆಂದು ಮಾತ್ರ ಅರ್ಧ ಗಂಟೆ ಹೇಳಿದರು. ನಾನೂ ಕೇಳಿಸಿಕೊಂಡೆ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಬಹುದು.